ಕಳೆ ನಡೆಯುವ ದಾರಿ, ನಕ್ಷೆ ತೋರುವ ದಾರಿ



ಮಳೆಗಾಲದಲ್ಲಿ ದಾವಣಗೆರೆಯಿಂದ ಹರಿಹರದತ್ತ ಹೊರಟವರಿಗೆ ದಾರಿಯುದ್ದಕ್ಕೂ ಜೊತೆಯಾಗುವುದು ಬಿಳಿಹೂವಿನ ಕಾಂಗ್ರೆಸ್ ಕಳೆ. ಖಾಲಿ ನಿವೇಶನ, ರೈಲುಹಳಿಯ ಅಂಚು, ಕಾಲುವೆಯ ಏರಿ, ಹೊಲದ ಬದು, ಹೀಗೆ ಮಣ್ಣು ಕೆದಕಿದಲ್ಲೆಲ್ಲ ಅದು ನೆಲೆಯೂರುತ್ತದೆ. ಅಮೆರಿಕ ಖಂಡದಿಂದ ಬಂದ ಈ ಪಾರ್ಥೇನಿಯಂ ನಮ್ಮ ದೇಶದಲ್ಲಿ ಪಿಡುಗಾಗಿ ಗಮನ ಸೆಳೆದದ್ದು 1950ರ ದಶಕದ ನಡುವಿನಲ್ಲಿ, ಪುಣೆಯಲ್ಲಿ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಹರಿಹರ, ದಾವಣಗೆರೆಗಳನ್ನು ಹಾದೇ ಸಾಗುತ್ತದೆ. ಒಂದು ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಲಾರಿಯ ಚಕ್ರಕ್ಕೆ ಮೆತ್ತಿದ ಕೆಸರು, ಮೇವಿನ ಹೊರೆ, ಹರಿಯುವ ನೀರು ಅವನ್ನು ಹೊತ್ತೊಯ್ಯುತ್ತವೆ.

ಇಂತಹ ಸಸ್ಯ ಮುಂದೆ ಎಲ್ಲಿಗೆ ಹೋದೀತು ಎಂಬುದನ್ನು ವಿಜ್ಞಾನಿಗಳು ಗಣಿತದ ಮಾದರಿಗಳಿಂದ ಅಂದಾಜು ಮಾಡುತ್ತಾರೆ. ಕಳೆ ಕಂಡ ತಾಣಗಳನ್ನು ಮೊದಲು ಗುರುತಿಸಿ, ಅಲ್ಲಿನ ಮಳೆ, ಉಷ್ಣತೆ, ಮಣ್ಣು, ನೆಲದ ಬಳಕೆಗಳನ್ನು ಲೆಕ್ಕ ಹಾಕುತ್ತಾರೆ. ಅದೇ ಗುಣಗಳು ಬೇರೆಲ್ಲಿ ಕೂಡಿಬರುತ್ತವೆ ಎಂಬುದನ್ನು ಗಣಕಯಂತ್ರ ಹುಡುಕಿ ನಕ್ಷೆಯಲ್ಲಿ ಬಣ್ಣ ತುಂಬುತ್ತದೆ. ಕಳೆ ಎಲ್ಲಿ ಬದುಕಬಲ್ಲದು ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಅಲ್ಲಿಗೆ ಅದು ತಲುಪುವ ಬಗೆ ತಿಳಿಯಬೇಕಾದರೆ ದಾರಿಗಳನ್ನೂ ಲೆಕ್ಕಕ್ಕೆ ತರಬೇಕು.

ಹರಿಹರದಲ್ಲಿ ಆ ದಾರಿಗಳು ಕಣ್ಣಿಗೇ ಕಾಣುತ್ತವೆ. ತುಂಗೆ, ಭದ್ರೆಯರು ಕೂಡಲಿಯಲ್ಲಿ ಸೇರಿ ಈ ಊರಿನ ಪಕ್ಕ ಹರಿಯುತ್ತಾರೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರು ಕಾಲುವೆಗಳಲ್ಲಿ ದಾವಣಗೆರೆಯ ಗದ್ದೆಗಳನ್ನು ತಲುಪುತ್ತದೆ. ನೀರು ಬೀಜವನ್ನು ಮಲೆಯಿಂದ ಬಯಲಿಗೆ ಇಳಿಸುತ್ತದೆ. ಹೊನ್ನಾಳಿಯ ಮೂಲಕ ಶಿವಮೊಗ್ಗಕ್ಕೆ ಹೋಗುವ ರಸ್ತೆ ಅದನ್ನು ಬಯಲಿನಿಂದ ಮಲೆಗೆ ಏರಿಸುತ್ತದೆ. ಆದುದರಿಂದ ಈ ಲೆಕ್ಕದಲ್ಲಿ ಎರಡೂ ಸೀಮೆಯ ಜನರಿಗೆ ಪಾಲಿದೆ.

ದಟ್ಟ ಕಾಡಿನ ನೆರಳು ಪಾರ್ಥೇನಿಯಂಗೆ ಒಗ್ಗುವುದಿಲ್ಲ. ಆದರೆ ಕಾಡು ಕಡಿದು ರಸ್ತೆ ಅಗಲಿಸಿದರೆ ಅದಕ್ಕೆ ಬೇಕಾದ ಬಿಸಿಲು ದೊರೆಯುತ್ತದೆ. ಹವಾಮಾನವನ್ನಷ್ಟೇ ನೋಡುವ ಮಾದರಿಗೆ ಈ ಬದಲಾವಣೆ ಕಾಣದು. ಇನ್ನೊಂದು ದೋಷವೂ ಉಂಟು. ಸಮೀಕ್ಷೆ ನಡೆಸುವವರು ಹೆಚ್ಚಾಗಿ ರಸ್ತೆಬದಿಯನ್ನೇ ನೋಡುತ್ತಾರೆ. ನಕ್ಷೆಯಲ್ಲಿ ಖಾಲಿ ಉಳಿದ ಜಾಗದಲ್ಲಿ ಕಳೆಯೇ ಇಲ್ಲದಿರಬಹುದು, ಅಥವಾ ಅಲ್ಲಿಗೆ ಯಾರೂ ಹೋಗದಿರಬಹುದು.

ಸ್ಥಳೀಯರ ಅರಿವಿನ ಬೆಲೆಯನ್ನು ಬಿಳಿಗಿರಿರಂಗನ ಬೆಟ್ಟ ತೋರಿಸಿಕೊಟ್ಟಿದೆ. ಅಲ್ಲಿ 1997ರಲ್ಲಿ ನೋಡಿದ ತಾಕುಗಳ ಪೈಕಿ ಶೇಕಡಾ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತೆ ನೋಡಿದಾಗ ಅದು ಶೇಕಡಾ 81ಕ್ಕೆ ಏರಿತ್ತು. ಹಿಂದೆ ತಾವು ಹಾಕುತ್ತಿದ್ದ ತರಗುಬೆಂಕಿ ನಿಂತದ್ದೇ ಈ ಹರಡುವಿಕೆಗೆ ಒಂದು ಮುಖ್ಯ ಕಾರಣವೆಂಬುದು ಸೋಲಿಗರ ಅನುಭವ. ಉಪಗ್ರಹದ ಚಿತ್ರವೊಂದೇ ಈ ಕಾರಣವನ್ನು ಹೇಳಲಾರದು.

ನಕ್ಷೆ ಸಿದ್ಧವಾದ ಮೇಲೆ ಅದು ಯಾರ ಕೈಗೆ ಹೋಗುತ್ತದೆ ಎಂಬುದು ದೊಡ್ಡ ಪ್ರಶ್ನೆ. ಕೆಂಪು ಬಣ್ಣ ಕಂಡಲ್ಲೆಲ್ಲ ಕಳೆನಾಶಕ ಸುರಿದರೆ ಹಳ್ಳದ ನೀರು ಕೆಡುತ್ತದೆ. ಅದೇ ನಕ್ಷೆ ಗ್ರಾಮಸಭೆಯ ಮುಂದಿದ್ದರೆ, ಕಳೆ ಇನ್ನೂ ಹತ್ತಾರು ಗಿಡಗಳಷ್ಟಿರುವ ಜಾಗವನ್ನು ಮೊದಲು ಆರಿಸಿ, ಹೂ ಬಿಡುವ ಮುನ್ನ ಕಿತ್ತು ಮುಗಿಸಬಹುದು. ಪಾರ್ಥೇನಿಯಂನಿಂದ ಹಲವರಿಗೆ ಚರ್ಮದ ತುರಿಕೆ, ಉಬ್ಬಸ ಬರುವುದರಿಂದ ಕೈಗವಸು ಬೇಕೇ ಬೇಕು. ಈ ಕಳೆಯನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಮಳೆಗಾಲದಲ್ಲಿ ಎಲೆಗಳನ್ನು ಮೇಯುತ್ತದೆ. ಒಣ ತಿಂಗಳುಗಳಲ್ಲಿ ಮಣ್ಣಿನಡಿ ಮಲಗುತ್ತದೆ. ಆಗ ಮನುಷ್ಯರ ಕೈಯೇ ದುಡಿಯಬೇಕು.

ಪ್ರತಿ ಶಾಲೆಯೂ ಒಂದು ದಾಖಲೆ ಪುಸ್ತಕ ಇಡಲಿ. ಯಾವ ಗಿಡ, ಯಾವ ಜಾಗ, ಯಾವ ದಿನ ಎಂಬುದು ಅದರಲ್ಲಿರಲಿ. ಹುಡುಕಿಯೂ ಕಳೆ ಕಾಣದಿದ್ದರೆ ಅದನ್ನೂ ಬರೆಯಲಿ. ಆ ‘ಇಲ್ಲ’ ಎಂಬ ಒಂದು ಮಾತು ಮಾದರಿಗೆ ಬಲು ದೊಡ್ಡ ನೆರವು. ಅದನ್ನು ನಿಜವಾಗಿಯೇ ಉಳಿಸಿಕೊಳ್ಳುವುದು ಊರಿನ ಕೆಲಸ.