ಜೀರ್ಣೋದ್ಧಾರದಲ್ಲಿ ಹೊಸ ವಿದ್ಯೆ ಮತ್ತು ಎಚ್ಚರ



ದರ್ಶನ, ಜ್ಞಾನ, ಚಾರಿತ್ರ ಇವು ಮೂರೂ ಕೂಡಿದಾಗಲೇ ರತ್ನತ್ರಯವೆನಿಸುತ್ತದೆ. ಅರಿವು ಆಚರಣೆಗೆ ಇಳಿಯುವ ಎಡೆಯಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ಬಸದಿಗಳ ಜೀರ್ಣೋದ್ಧಾರಕ್ಕೂ ಈ ಮಾತು ಸಲ್ಲುತ್ತದೆ. ಕಟ್ಟಡಶಾಸ್ತ್ರದ ಸಂಶೋಧನೆಯಿಂದ ಹೊಸ ವಸ್ತುಗಳೂ ವಿಧಾನಗಳೂ ಬರುತ್ತಲಿವೆ. ಅವುಗಳನ್ನು ದೂರವಿಡುವುದು ತಕ್ಕುದಲ್ಲ. ಪರೀಕ್ಷಿಸದೆ ಸ್ವೀಕರಿಸುವುದೂ ತಕ್ಕುದಲ್ಲ. ಹೊನ್ನನ್ನು ಒರೆಗಲ್ಲಿಗೆ ತಿಕ್ಕದೆ ಕೊಳ್ಳುವ ವರ್ತಕನುಂಟೇ?

ಗ್ರೀಸ್ ದೇಶದ ಅಥೆನ್ಸ್ ನಗರದ ಪಾರ್ಥೆನಾನ್ ದೇವಾಲಯವು ಇದಕ್ಕೆ ದೊಡ್ಡ ನಿದರ್ಶನ. ಕ್ರಿಸ್ತಪೂರ್ವ 5ನೆಯ ಶತಮಾನದ ಶಿಲ್ಪಿಗಳು ಅಮೃತಶಿಲೆಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದು, ಸುತ್ತಲೂ ಸೀಸವನ್ನು ಎರೆದಿದ್ದರು. ನೀರೂ ಗಾಳಿಯೂ ಕಬ್ಬಿಣಕ್ಕೆ ತಾಗದಂತೆ ಸೀಸವು ಕಾಯುತ್ತಿತ್ತು. 1898ರಲ್ಲಿ ದುರಸ್ತಿಯನ್ನು ಆರಂಭಿಸಿದ ನಿಕೊಲಾವೊಸ್ ಬಲಾನೊಸ್ ಎಂಬ ಇಂಜಿನಿಯರರು ಸೀಸದ ಹೊದಿಕೆಯಿಲ್ಲದ ಕಬ್ಬಿಣವನ್ನು ಬಳಸಿದರು. ಅವರ ಉದ್ದೇಶವು ಒಳ್ಳೆಯದೇ ಆಗಿತ್ತು. ಆದರೆ ತುಕ್ಕು ಹಿಡಿದ ಕಬ್ಬಿಣವು ಉಬ್ಬಿ, ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಬಾಳಿದ್ದ ಶಿಲೆಗಳನ್ನು ಸೀಳಿತು. 1975ರಲ್ಲಿ ತಜ್ಞರ ಸಮಿತಿಯೊಂದು ರಚಿತವಾಯಿತು. ಮುಂದೆ ಆ ಕಬ್ಬಿಣವನ್ನು ತೆಗೆದು, ತುಕ್ಕು ಹಿಡಿಯದ ಟೈಟೇನಿಯಂ ಲೋಹವನ್ನು ಅಳವಡಿಸಲಾಯಿತು.

ಕರ್ನಾಟಕದ ಶಿಲಾಬಸದಿಗಳಿಗೂ ಇದು ಪಾಠವೇ. ಸುಣ್ಣದ ಗಾರೆಯು ಗೋಡೆಯ ತೇವವನ್ನು ಹೊರಬಿಡುತ್ತದೆ. ಅದರ ಬದಲಿಗೆ ಸಂದುಗಳಲ್ಲಿ ಸಿಮೆಂಟು ತುಂಬಿದರೆ ತೇವವು ಕಲ್ಲಿನಲ್ಲಿಯೇ ನಿಲ್ಲುತ್ತದೆ. ಅದರೊಡನೆ ಬಂದ ಉಪ್ಪು ಕಲ್ಲಿನ ಮೈಯನ್ನು ಪುಡಿಗೈಯುತ್ತದೆ. 1430ರಲ್ಲಿ ನಿರ್ಮಾಣಗೊಂಡ ಮೂಡಬಿದಿರೆಯ ಸಾವಿರ ಕಂಬದ ಬಸದಿಯು ಐದು ನೂರಕ್ಕೂ ಹೆಚ್ಚು ಮುಂಗಾರುಗಳನ್ನು ಕಂಡಿದೆ. ಪ್ರಯೋಗಶಾಲೆಯಲ್ಲಿ ಕೆಲವು ತಿಂಗಳು ನಡೆದ ಪರೀಕ್ಷೆಯು ಅಂತಹ ಅನುಭವಕ್ಕೆ ಸಮನಾಗಲಾರದು.

ಆದುದರಿಂದ ಜೀರ್ಣೋದ್ಧಾರ ಸಮಿತಿಗಳು ನಾಲ್ಕು ನಿಯಮಗಳನ್ನು ಪಾಲಿಸುವುದು ಲೇಸು. ಮೊದಲನೆಯದಾಗಿ, ಹೊಸ ವಸ್ತುವನ್ನು ಗರ್ಭಗೃಹದಲ್ಲಲ್ಲ, ಪ್ರಾಕಾರದ ಒಂದು ಮೂಲೆಯಲ್ಲಿ ಪ್ರಯೋಗಿಸಬೇಕು. ಎರಡನೆಯದಾಗಿ, ಒಂದು ಮಳೆಗಾಲ, ಒಂದು ಬೇಸಗೆ ಕಳೆಯುವ ತನಕವಾದರೂ ಅದನ್ನು ಗಮನಿಸಬೇಕು. ಮೂರನೆಯದಾಗಿ, ತಪ್ಪು ಕಂಡುಬಂದರೆ ಮೂಲಶಿಲೆಗೆ ಹಾನಿಯಾಗದೆ ತೆಗೆಯಬಹುದಾದ ವಿಧಾನವನ್ನೇ ಆರಿಸಬೇಕು. ನಾಲ್ಕನೆಯದಾಗಿ, ಬಳಸಿದ ಪದಾರ್ಥ, ಪ್ರಮಾಣ ಹಾಗೂ ಭಾವಚಿತ್ರಗಳನ್ನು ದಾಖಲೆ ಮಾಡಿಡಬೇಕು. ಸಂದೇಹ ಬಂದಾಗ ಕೆಲಸವನ್ನು ನಿಲ್ಲಿಸುವ ಅಧಿಕಾರವು ಯಾರದೆಂಬುದೂ ಮೊದಲೇ ನಿಶ್ಚಯವಾಗಿರಬೇಕು.

ಪ್ರತಿಷ್ಠೆಯ ಮುಹೂರ್ತವು ಸಮೀಪಿಸಿತೆಂದು ಪರೀಕ್ಷೆಯನ್ನು ಮೊಟಕುಗೊಳಿಸುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಕಲ್ಲು ಸಿದ್ಧವಾದ ಮೇಲೆ ಮುಹೂರ್ತವನ್ನು ನೋಡಬಹುದು. ಸೀಳಿದ ಕಲ್ಲನ್ನು ಯಾವ ಮುಹೂರ್ತವೂ ಕೂಡಿಸಲಾರದು. ದಾನಿಗಳು ಕೊಟ್ಟ ದ್ರವ್ಯವು ಸಾರ್ಥಕವಾಗುವುದು, ಮುಂದಿನ ತಲೆಮಾರುಗಳೂ ಅದೇ ಬಸದಿಯಲ್ಲಿ ನಿಂತು ಜಿನದರ್ಶನ ಮಾಡುವಂತಾದಾಗ.

ಜಿನಧರ್ಮವು ಜಯಶೀಲವಾಗಲಿ.