ಅಳತೆ ಟೇಪು ಯಾರ ಕೈಲಿರಬೇಕು?

(ಕೇರಿಯ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೆಯೇ ಬರೆದಿದೆ, ಅಲ್ಲಲ್ಲಿ ತಿದ್ದಿದೆ.)



ನಮ್ಮನ್ನು ಪದ್ಯ ಓದೋಕೆ ಅಂತ ಕರೆದಿರಿ. ಪದ್ಯ ಜೇಬಿನಲ್ಲಿದೆ, ಸದ್ಯಕ್ಕೆ ಅಲ್ಲೇ ಇರಲಿ. ಇವತ್ತು ಮನೆ ವಿಚಾರ ಮಾತಾಡಬೇಕು. ನಾಳೆ ನಾವು ಇದೇ ಜಾಗದಲ್ಲಿ ಇರ್ತೀವೋ ಇಲ್ಲವೋ ಅನ್ನೋದೇ ಗೊತ್ತಿಲ್ಲದಿರುವಾಗ ಪದ್ಯ ಯಾರ ಮುಂದೆ ಓದೋದು?

ಹೋದ ತಿಂಗಳು ನಮ್ಮ ಕೇರಿಯ ನಲ್ಲಿ ಹತ್ತಿರದ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು, ನೆನಪಿದೆಯಲ್ಲ. ನಗರದ ನಡುಭಾಗದಲ್ಲಿ ಹೊಸ ವಸತಿ ಕಟ್ಟುವ ಬಗ್ಗೆ 'ನಿವಾಸಿಗಳು ಮತ್ತು ಪಾಲುದಾರರೊಂದಿಗೆ ಸಮಾಲೋಚನೆ'. ದಿನ ಬುಧವಾರ. ಹೊತ್ತು ಬೆಳಿಗ್ಗೆ ಹನ್ನೊಂದು. ಆ ಹೊತ್ತಲ್ಲಿ ನಮ್ಮ ಕೇರಿಯಲ್ಲಿ ಯಾರಿರ್ತಾರೆ? ಪೌರಕಾರ್ಮಿಕರು ರಸ್ತೆಯಲ್ಲಿ, ಹೆಂಗಸರು ಮನೆಗೆಲಸದಲ್ಲಿ, ಗಂಡಸರು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವುದರಲ್ಲಿ. ಉಳಿದವರು ಮುದುಕರು, ಮಕ್ಕಳು, ಮತ್ತೆ ಬಿ.ಎ. ಪಾಸು ಮಾಡಿ ಕೆಲಸವಿಲ್ಲದೆ ಕೂತ ನಮ್ಮಂಥವರು. ನಾವು ನಾಲ್ಕು ಜನ ಹುಡುಗರು, ಇಬ್ಬರು ಅಜ್ಜಿಯರು ಹೋದೆವು.

ಹೋದ ಕೂಡಲೆ ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಅಜ್ಜಿಯರು ಹೆಬ್ಬೆಟ್ಟು ಒತ್ತಿದರು. ಗೋಡೆಯ ಮೇಲೆ ದೊಡ್ಡ ನಕ್ಷೆ ಬಿತ್ತು. ಹಸಿರು, ಕೆಂಪು, ಹಳದಿ. ನಮ್ಮ ಕೇರಿ ಹಳದಿ. ಆ ಹಳದಿಯಲ್ಲಿ ರಸ್ತೆ ಕಡೆಗೆ ಅಂಗಡಿ ಕಟ್ಟಡ, ಹಿಂದುಗಡೆ ನಮಗೆ ಎಂಟು ಅಂತಸ್ತಿನ ಗೂಡು. ಸೂಟು ಹಾಕಿದ ಒಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಕನ್ನಡ ಉಪ್ಪಿನಕಾಯಿಯಷ್ಟು ಇತ್ತು. ಕೊನೆಗೆ, 'ಏನಾದರೂ ಕೇಳೋದಿದ್ದರೆ ಕೇಳಿ' ಅಂದರು. ನಮ್ಮ ಜೊತೆ ಬಂದ ಅಜ್ಜಿ ಎದ್ದು ನಿಂತು ಕೇಳಿದಳು: 'ಎಂಟನೇ ಮಾಳಿಗೆಯಾಗೆ ಯಾರಾದ್ರೂ ಸತ್ತೋದ್ರೆ ಚಟ್ಟ ಎಂಗ್ ಇಳಿಸ್ತೀರಾ ಸ್ವಾಮಿ? ಆ ಮೆಟ್ಲು ಅಷ್ಟಗಲ ಐತಾ?'

ಕೆಲವರು ನಕ್ಕರು. ನಾವೂ ತಲೆ ತಗ್ಗಿಸಿದೆವು. ಓದಿದವರಲ್ಲವೇ ನಾವು, ನಮಗೆ ನಾಚಿಕೆ ಆಯಿತು. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು: ಇಡೀ ಸಭೆಯಲ್ಲಿ ಕಟ್ಟಡದ ಬಗ್ಗೆ ಕೇಳಿದ ಒಂದೇ ಒಂದು ನಿಜವಾದ ಪ್ರಶ್ನೆ ಅದು. ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. 'ಸಲಹೆ ಇದ್ದರೆ ಬರೆದು ಕೊಡಿ' ಅಂದರು, ಹೆಬ್ಬೆಟ್ಟು ಒತ್ತಿದವಳಿಗೆ.

ಆ ಹಾಳೆ ಏನಾಯಿತು ಅಂತ ಆಮೇಲೆ ತಿಳಿಯಿತು. ಟೀ ಕುಡಿದದ್ದಕ್ಕೆ, ಹಾಜರಿದ್ದದ್ದಕ್ಕೆ ಹಾಕಿದ ಸಹಿ ಅಂತ ನಾವು ತಿಳಿದಿದ್ದೆವು. ಕಡತದಲ್ಲಿ ಅದು 'ನಿವಾಸಿಗಳ ಒಪ್ಪಿಗೆ' ಅನ್ನೋ ತಲೆಬರಹದ ಕೆಳಗೆ ಕೂತಿದೆ.

ಹಳ್ಳಿಯ ಚಾವಡಿಯನ್ನು ನೋಡಿದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಪಂಚಾಯ್ತಿ ಮೇಲೆ ನಡೀತದೆ, ನಮ್ಮಪ್ಪಂದಿರು ಕೆಳಗೆ ದೂರದಲ್ಲಿ ಕೈಕಟ್ಟಿ ನಿಂತಿರ್ತಾರೆ. ತೀರ್ಮಾನ ಎಲ್ಲಾ ಆದ ಮೇಲೆ ಗೌಡರು ಕೇಳ್ತಾರೆ, 'ಏನ್ರಲಾ, ಆಗಬೌದಾ?' ಇವರು 'ಹೂಂ ಬುದ್ಧಿ' ಅಂತಾರೆ. ಅದೂ ಸಮಾಲೋಚನೆಯೇ. ನಗರದಲ್ಲಿ ಚಾವಡಿಗೆ ಫ್ಯಾನು ಬಂದಿದೆ, ಕುರ್ಚಿ ಬಂದಿದೆ, ನಮಗೂ ಒಂದು ಕುರ್ಚಿ ಕೊಡ್ತಾರೆ. ಹೂಂ ಅನ್ನೋ ಹೊತ್ತು ಮಾತ್ರ ಬದಲಾಗಿಲ್ಲ. ಎಲ್ಲಾ ಮುಗಿದ ಮೇಲೆಯೇ.

ಈ 'ಪಾಲುದಾರರು' ಅನ್ನೋ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಆ ಪಟ್ಟಿಯಲ್ಲಿ ಕಟ್ಟಡದ ಗುತ್ತಿಗೆದಾರ ಇದ್ದಾನೆ, ಅಂಗಡಿ ಮಾಲೀಕರ ಸಂಘ ಇದೆ, ಸಾಲ ಕೊಡುವ ಬ್ಯಾಂಕಿದೆ, ಪಕ್ಕದ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ ಇದೆ, ಕೊನೆಗೆ ನಾವೂ ಇದ್ದೀವಿ. ಎಲ್ಲರೂ ಪಾಲುದಾರರೇ. ಕೇಳೋಕೆ ಸಮಾನತೆ ಥರ ಕೇಳ್ತದೆ. ಲೆಕ್ಕ ತಪ್ಪಿದರೆ ಗುತ್ತಿಗೆದಾರನ ಲಾಭದಲ್ಲಿ ಒಂದಿಷ್ಟು ಕಡಿಮೆಯಾಗ್ತದೆ. ನಮ್ಮ ಲೆಕ್ಕ ತಪ್ಪಿದರೆ ಮಗು ಶಾಲೆ ಬಿಡ್ತದೆ, ಬೆಳಗಿನ ಜಾವದ ಹಾಜರಿ ತಪ್ಪಿ ಅವ್ವನ ಕೆಲಸ ಹೋಗ್ತದೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ, ತಲೆಗೆ ಒಂದು ಮಾತು ಅಂದರೆ, ಅದು ಯಾವ ಸೀಮೆ ನ್ಯಾಯ?

ನಕ್ಷೆಗೆ ಜಾತಿ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಗಲ ರಸ್ತೆ, ಗಾಳಿ, ಬೆಳಕು, ಚರಂಡಿ, ಎಲ್ಲಾ ಸರಿಯೇ. ಆ ಬಡಾವಣೆಗಳಲ್ಲಿ ಜಾತಿವಾರು ಜಾಗ ಗುರುತು ಮಾಡಿದ್ದನ್ನು ನಗರದ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಅದೇ ಪ್ಲೇಗಿನ ನಂತರ ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ಕಟ್ಟಿಸಿದ ಪರೇಲಿನ ಚಾಳಿನಲ್ಲೇ ಬಾಬಾಸಾಹೇಬರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿದರು. ಹಳ್ಳಿ ಬಿಟ್ಟು ನಗರಕ್ಕೆ ಹೋಗಿ ಅಂತ ಅವರು ನಮಗೆ ಹೇಳಿದ್ದು ಸುಮ್ಮನೆ ಅಲ್ಲ. ಆದರೆ ನಾವು ನಗರಕ್ಕೆ ಬಂದಾಗ ನಗರ ನಮ್ಮನ್ನು ಎಲ್ಲಿ ಇಟ್ಟಿತು? ಮಾರ್ಕೆಟ್ಟಿನ ಹಿಂದೆ, ಮೋರಿಯ ಮಗ್ಗುಲಲ್ಲಿ, ರೈಲು ಹಳಿ ಪಕ್ಕ. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ, ಮಲವನ್ನು ತಲೆ ಮೇಲೆ ಹೊರುವ ಪದ್ಧತಿಯನ್ನು ನಿಷೇಧಿಸುವವರೆಗೂ ಈ ಪಟ್ಟಣಗಳ ಹೊಲಸನ್ನು ಹೊತ್ತವರು ನಮ್ಮವರೇ. ಪೌರಕಾರ್ಮಿಕರ ಬದುಕಿನ ಬಗ್ಗೆ 1976ರಲ್ಲೇ ಐ.ಪಿ.ಡಿ. ಸಾಲಪ್ಪ ಸಮಿತಿ ವರದಿ ಕೊಟ್ಟಿತು. ಇಂದಿಗೂ ಬೀದಿಯ ಹೋರಾಟದಲ್ಲಿ ಅದರ ಹೆಸರು ಹೇಳಬೇಕಾಗಿದೆ ಅಂದರೆ ಜಾರಿ ಎಷ್ಟಾಗಿದೆ ಅಂತ ನೀವೇ ಲೆಕ್ಕ ಹಾಕಿ. ಪೇಟೆಯ ನಡುವೆ ಮೋರಿ ಇರೋವಾಗ ನಾವು ಅಲ್ಲಿರಬಹುದಿತ್ತು. ಮೋರಿ ಮುಚ್ಚಿ ಮೇಲೆ ಮೆಟ್ರೊ ಬಂದ ಮೇಲೆ ಜಾಗಕ್ಕೆ ಬೆಲೆ ಬಂತು, ನಾವು ಬೇಡವಾದೆವು.

ಈಜಿಪುರದ ಕತೆ ಹೇಳದೆ ಮುಂದೆ ಹೋಗೋಕೆ ಆಗೋಲ್ಲ. ಕೋರಮಂಗಲದ ಮಗ್ಗುಲಲ್ಲಿ 1990ರ ದಶಕದ ಆರಂಭದಲ್ಲಿ ನಗರ ಪಾಲಿಕೆ ಬಡವರಿಗೆ ಅಂತ ಸಾಲು ಸಾಲು ಮನೆ ಕಟ್ಟಿಸಿತು. ಹತ್ತು ಹದಿನೈದು ವರ್ಷಕ್ಕೇ ಕಟ್ಟಡಗಳು ಕುಸಿಯತೊಡಗಿದವು. ಕಟ್ಟುವಾಗ ಸಿಮೆಂಟು ಎಷ್ಟು ಹಾಕ್ತೀರಿ ಅಂತ ನೋಡೋ ಹಕ್ಕು ಅಲ್ಲಿ ವಾಸ ಮಾಡುವವರಿಗೆ ಇರಲಿಲ್ಲ, ಕುಸಿದಾಗ ಕೆಳಗೆ ಇರುವ ಹಕ್ಕು ಮಾತ್ರ ಇತ್ತು. ಕಟ್ಟಡ ಕೆಡವಿದ ಮೇಲೆ ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಾದರು. ಅಷ್ಟರಲ್ಲಿ ಆ ಜಾಗದ ಸುತ್ತ ಕೋರಮಂಗಲ ಬೆಳೆದಿತ್ತು. ಖಾಸಗಿಯವರ ಜೊತೆ ಒಪ್ಪಂದ ಆಯಿತು: ಒಂದು ಭಾಗದಲ್ಲಿ ಬಡವರ ಮನೆ, ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಮಾಲು. 2013ರ ಜನವರಿಯಲ್ಲಿ, ಚಳಿಗಾಲದಲ್ಲಿ, ಪೊಲೀಸರನ್ನು ಮುಂದಿಟ್ಟುಕೊಂಡು ಬುಲ್ಡೋಜರ್ ಬಂತು. ಸಾವಿರಕ್ಕೂ ಹೆಚ್ಚು ಕುಟುಂಬಗಳ ಶೆಡ್ಡು ನೆಲಸಮ. ಕೆಲವರನ್ನು ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆಗೆ ಸಾಗಿಸಿದರು. ಅನೇಕರು ರಸ್ತೆ ಬದಿಯಲ್ಲೇ ಉಳಿದರು.

ಅಲ್ಲಿ ಇನ್ನೊಂದು ಸಂಗತಿ ಇತ್ತು. ಅದನ್ನು ನಾವು ನಮ್ಮೊಳಗೇ ಮಾತಾಡಿಕೊಳ್ಳಬೇಕು. ಹಂಚಿಕೆ ಪತ್ರ ಇದ್ದ ಮೂಲ ಫಲಾನುಭವಿಗಳು ಒಂದು ಕಡೆ, ಬಾಡಿಗೆಗೆ ಇದ್ದವರು ಇನ್ನೊಂದು ಕಡೆ. ಹೊಸ ಮನೆಯ ಮಾತು ಪತ್ರ ಇದ್ದವರಿಗೆ. ಶೆಡ್ಡಿನಲ್ಲಿ ವರ್ಷಗಟ್ಟಲೆ ಬಾಳಿದ ಬಾಡಿಗೆಯವರು ಲೆಕ್ಕಕ್ಕೇ ಇಲ್ಲ. ಒಡೆಯೋರಿಗೆ ಅಷ್ಟು ಸಾಕಲ್ಲ. ನಮ್ಮ ಕೇರಿಯಲ್ಲಿ ಬಾಡಿಗೆಗೆ ಇರೋರು ಎಷ್ಟು ಜನ? ಹಕ್ಕುಪತ್ರ ಇರೋರು ಎಷ್ಟು? 'ಅವರು ಮೊನ್ನೆ ಬಂದೋರು, ಅವರದ್ದೇನು' ಅಂತ ನಮ್ಮ ಬಾಯಲ್ಲೇ ಬಂದಿಲ್ಲವೇ? ಮೊನ್ನೆ ಅಂದರೆ ಹನ್ನೆರಡು ವರ್ಷ. ನಮ್ಮ ಯಜಮಾನರು ಒಬ್ಬಿಬ್ಬರು ಕೇರಿ ಪರವಾಗಿ ಒಬ್ಬರೇ ಹೋಗಿ ಸಹಿ ಹಾಕಿ ಬಂದದ್ದೂ ಉಂಟು. ಬೇಜಾರು ಮಾಡಿಕೊಳ್ಳಬೇಡಿ ಅಣ್ಣಂದಿರೆ, ಪುಢಾರಿಯಾಗೋಕೆ ಬಿಳಿ ಬಟ್ಟೆಯೇ ಬೇಕು ಅಂತಿಲ್ಲ.

ಕಾಯಿದೆಯಲ್ಲಿ ನಮಗೆ ಜಾಗ ಇಲ್ಲವೇ? ಇದೆ. 1961ರ ನಗರ ಯೋಜನೆ ಕಾಯಿದೆಯ ಪ್ರಕಾರ ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಜನ ಆಕ್ಷೇಪಣೆ ಹೇಳೋಕೆ ಅರವತ್ತು ದಿನ. ಬೆಂಗಳೂರಿನ 2031ರ ಕರಡು 2017ರ ನವೆಂಬರಿನಲ್ಲಿ ಹೊರಬಿದ್ದಾಗಲೂ ಹಾಗೇ ಆಯಿತು. ವಾರ್ಡ್ ಸಮಿತಿಯಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟರು, ಮೂವರು ಹೆಂಗಸರು ಇರಬೇಕು ಅಂತ ಬರೆದಿದ್ದರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಇದೆ. ಆದರೆ ಬೆಂಗಳೂರು ಪಾಲಿಕೆಗೆ 2015ರಲ್ಲಿ ಚುನಾವಣೆ ಆಯಿತು, 2020ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಚುನಾಯಿತ ಸದಸ್ಯರೇ ಇಲ್ಲದೆ ಕಳೆಯಿತು. 2025ರಲ್ಲಿ ಆ ಪಾಲಿಕೆಯನ್ನೇ ಐದು ಮಾಡಿದರು. ಕಾಯಿದೆ ಪುಸ್ತಕದಲ್ಲಿ ಬಾಗಿಲು ಇದೆ, ತಟ್ಟಿದರೆ ತೆಗೆಯೋರು ಇರಲಿಲ್ಲ.

ಹಾಗಾದರೆ ಜನ ಸೇರಿ ಮನೆಯ ಯೋಜನೆ ಮಾಡಿದ್ದು ಎಲ್ಲಾದರೂ ಉಂಟೇ? ಉಂಟು. ಮುಂಬಯಿಯ ನಡುಮಧ್ಯ, ಬೈಕುಲ್ಲಾದ ಪುಟ್‌ಪಾತಿನಲ್ಲಿ. 1985ರಲ್ಲಿ ಸುಪ್ರೀಂ ಕೋರ್ಟು ಓಲ್ಗಾ ಟೆಲ್ಲಿಸ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂತ ಹೇಳಿತು. ಹೇಳಿ, ನೋಟೀಸು ಕೊಟ್ಟು ಎಬ್ಬಿಸಬಹುದು ಅಂತಲೂ ಹೇಳಿತು. ಆ ಹೊತ್ತಿನಲ್ಲಿ ಪುಟ್‌ಪಾತಿನ ಹೆಂಗಸರು, ಸ್ಪಾರ್ಕ್ ಅನ್ನೋ ಸಂಸ್ಥೆಯ ಜೊತೆ ಸೇರಿ, ಮಾಡಿದ ಮೊದಲ ಕೆಲಸ ಎಣಿಕೆ. ಪುಟ್‌ಪಾತಿನಲ್ಲಿ ಎಷ್ಟು ಸಂಸಾರ, ಎಲ್ಲಿಂದ ಬಂದವು, ಏನು ದುಡಿತಾರೆ, ಎಷ್ಟು ವರ್ಷವಾಯಿತು. ಸರ್ಕಾರದ ಯಾವ ಪಟ್ಟಿಯಲ್ಲೂ ಇಲ್ಲದಿದ್ದ ಜನ ತಮ್ಮ ಪಟ್ಟಿ ತಾವೇ ಬರೆದರು. ಆ ವರದಿಯ ಹೆಸರೇ 'ನಾವು, ಕಣ್ಣಿಗೆ ಕಾಣದವರು' ಅನ್ನೋ ಅರ್ಥದ್ದು. ಆಮೇಲೆ 'ಮಹಿಳಾ ಮಿಲನ್' ಕಟ್ಟಿಕೊಂಡರು. ತಮಗೆ ಬೇಕಾದ ಮನೆ ಯಾವುದು ಅಂತ ಕೂತು ಚರ್ಚಿಸಿದರು. ನೆಲ ಕಡಿಮೆ, ಸರಿ. ಗೋಡೆಯನ್ನಾದರೂ ಹದಿನಾಲ್ಕು ಅಡಿ ಎತ್ತರ ಮಾಡಿ, ಅಟ್ಟ ಹಾಕಿಕೊಳ್ತೀವಿ, ಮೇಲೆ ಮಲಗ್ತೀವಿ, ಕೆಳಗೆ ದುಡೀತೀವಿ ಅಂದರು. ನಿಜವಾದ ಅಳತೆಯಲ್ಲೇ ಮಾದರಿ ಮನೆಯನ್ನು ನಿಲ್ಲಿಸಿ ಎಲ್ಲರಿಗೂ ತೋರಿಸಿದರು. ಕಾಗದದ ಮೇಲಿನ ಗೀಟು ಅರ್ಥವಾಗದವರಿಗೂ ಬಾಗಿಲೊಳಗೆ ಕಾಲಿಟ್ಟರೆ ಅರ್ಥವಾಗ್ತದಲ್ಲ.

ಪೂರಾ ಗೆದ್ದರು ಅಂತ ಹೇಳಿದರೆ ಸುಳ್ಳಾಗ್ತದೆ. ಅವರಲ್ಲಿ ಕೆಲವರ ಮನೆ ಕೊನೆಗೆ ಎದ್ದದ್ದು ದೂರದ ಮಾನ್‌ಖುರ್ದಿನಲ್ಲಿ, ಅದೂ ವರ್ಷಾನುಗಟ್ಟಲೆ ಕಾದ ಮೇಲೆ. ಮನೆ ಅವರು ಹೇಳಿದ ಹಾಗೆ ಆಯಿತು, ಜಾಗ ಆಗಲಿಲ್ಲ. ಎಷ್ಟು ಅಡಿ ಎತ್ತರ ಅಂತ ಕೇಳೋದಕ್ಕಿಂತ ಎಲ್ಲಿ ಅಂತ ಕೇಳೋದು ಯಾಕೆ ಮುಖ್ಯ ಅನ್ನೋದಕ್ಕೆ ಇದನ್ನು ಹೇಳಿದೆವು.

ಪುಣೆಯ ಯರವಡದಲ್ಲಿ ಅದೇ ಮಹಿಳಾ ಮಿಲನ್‌ನವರು 2009ರ ನಂತರ ಇನ್ನೊಂದು ದಾರಿ ಹಿಡಿದರು. ಕೇರಿಯನ್ನು ಕೆಡವಲಿಲ್ಲ. ಪಕ್ಕಾ ಮನೆಗಳನ್ನು ಹಾಗೇ ಬಿಟ್ಟು, ಕಚ್ಚಾ ಮನೆ ಇದ್ದವರಿಗೆ ಅದೇ ತಳಪಾಯದಲ್ಲಿ ಹೊಸ ಮನೆ. ನಮೂನೆ ಯಾವುದು ಅಂತ ಮನೆಯವರೇ ಆರಿಸಿದರು. ಜಾಗ ತೀರಾ ಸಣ್ಣದಾದರೆ ಅಕ್ಕಪಕ್ಕದವರು ಕೂಡಿಕೊಂಡು ಮಾಳಿಗೆ ಎಬ್ಬಿಸಿದರು. ಕೇಂದ್ರದ ಯೋಜನೆಯ ಹಣ, ಮನೆಯವರದ್ದು ಶೇಕಡ 10. ಓಣಿ ಅದೇ, ಜಗುಲಿಯಲ್ಲಿ ಜಗಳವಾಡುವ ನೆರೆಯವಳೂ ಅವಳೇ.

ನಮ್ಮ ಕೇರಿಗೆ ಬರೋಣ. ಮುಂದಿನ ತಿಂಗಳು ಅಳತೆಯವರು ಬರ್ತಾರಂತೆ. ಅವರ ನಮೂನೆಯಲ್ಲಿ 'ಕುಟುಂಬದ ಮುಖ್ಯಸ್ಥ' ಅಂತ ಒಂದು ಕಲಂ ಇದೆ, 'ಹಕ್ಕುಪತ್ರ ಸಂಖ್ಯೆ' ಅಂತ ಒಂದು ಕಲಂ ಇದೆ. ತಳ್ಳುಗಾಡಿ ಎಲ್ಲಿ ನಿಲ್ಲಿಸ್ತೀರಿ ಅಂತ ಕಲಂ ಇಲ್ಲ. ಹೊಲಿಗೆ ಮಿಷನ್ನು, ಹೂ ಕಟ್ಟೋ ಜಗುಲಿ, ಒಂದೇ ಕೋಣೆಯಲ್ಲಿ ಅಣ್ಣ ತಮ್ಮ ಎರಡು ಸಂಸಾರ ಇರೋದು, ಗಂಡ ಬಿಟ್ಟ ತಂಗಿ ಅಡಿಗೆಮನೆಯಲ್ಲಿ ಮಲಗೋದು, ಯಾವುದಕ್ಕೂ ಇಲ್ಲ. ತಮಟೆ ಕಾಯಿಸೋಕೆ ಬೆಂಕಿ ಹಾಕೋ ಜಾಗ ಎಂಟನೇ ಮಾಳಿಗೆಯಲ್ಲಿ ಯಾರು ಬಿಡ್ತಾರೆ? ಚಟ್ಟದ ಪ್ರಶ್ನೆ ಹಾಗೇ ಉಳಿದಿದೆ.

ಅದಕ್ಕೇ ಅವರಿಗಿಂತ ಮೊದಲು ನಾವು ಎಣಿಸೋಣ ಅಂತ ತೀರ್ಮಾನ ಮಾಡಿದ್ದೀವಿ. ಈ ಭಾನುವಾರದಿಂದ ಮೂರು ಭಾನುವಾರ. ಮಧ್ಯಾಹ್ನ ನಾಲ್ಕರ ಮೇಲೆ, ಎಲ್ಲರೂ ಮನೆಯಲ್ಲಿರುವ ಹೊತ್ತು. ಬಾಡಿಗೆಯವರನ್ನೂ ಬರೆಯಬೇಕು, ಈ ಮಾತಿಗೆ ವಿನಾಯಿತಿ ಇಲ್ಲ. ಹೆಂಗಸರ ಹೆಸರು ಮೊದಲು. ಪ್ರತಿ ಓಣಿಗೆ ಇಬ್ಬರು, ಅದರಲ್ಲಿ ಒಬ್ಬರು ಹೆಂಗಸು. ಓದು ಬರಹ ಬಾರದಿದ್ದರೂ ಪರವಾಗಿಲ್ಲ, ಬರೆಯೋಕೆ ನಾವಿದ್ದೀವಿ. ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ನಮಗಿಂತ ನಿಮಗೆ ಗೊತ್ತು. ಬರೆದ ಪಟ್ಟಿಯನ್ನು ಇದೇ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ತಪ್ಪಿದ್ದರೆ ಎಲ್ಲರ ಮುಂದೆ ತಿದ್ದಬೇಕು. ಒಂದು ಪ್ರತಿ ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಂಡು ಬರೋದು, ಒಂದು ಪ್ರತಿ ಕೇರಿಯಲ್ಲಿ. ಅಲ್ಲಿಯವರೆಗೆ ಯಾರು ಯಾವ ಹಾಳೆ ತಂದರೂ ತಲೆಬರಹ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ.

ನಮ್ಮಲ್ಲಿ ಅಳತೆ ಟೇಪು ಒಂದೇ ಇದೆ, ಅದೂ ಎಂಟು ಅಡಿಯ ಮೇಲೆ ಹರಿದಿದೆ. ಗಾರೆ ಕೆಲಸಕ್ಕೆ ಹೋಗೋ ಅಣ್ಣಂದಿರು ತಮ್ಮದನ್ನು ಭಾನುವಾರ ತರಬೇಕು. ಮೊದಲು ಅಜ್ಜಿಯ ಓಣಿ.