ದುಡಿಮೆಯೂ ಸೂರೂ

ಸರ್ಕಾರದ ಬೊಕ್ಕಸದ ಸಹಾಯದಿಂದ ಮನೆಯನ್ನು ಪಡೆಯುವವನು ಅದಕ್ಕೆ ಪ್ರತಿಯಾಗಿ ದುಡಿದು ತೋರಿಸಬೇಕೆ? ಕೇಳುವುದಕ್ಕೆ ಸುಲಭವಾಗಿಯೂ ಉತ್ತರಿಸುವುದಕ್ಕೆ ಕಠಿನವಾಗಿಯೂ ಇರುವ ಪ್ರಶ್ನೆಗಳಲ್ಲಿ ಇದೊಂದು. ತೆರಿಗೆಯನ್ನು ತೆರುವ ನಗರವಾಸಿಗಳಾದ ನಮ್ಮಲ್ಲಿ ಬಹುಮಂದಿ 'ಅಹುದು' ಎಂದೇ ಥಟ್ಟನೆ ಹೇಳುವೆವು. ಬೆವರಿಲ್ಲದೆ ಬಂದುದಕ್ಕೆ ಬೆಲೆಯಿಲ್ಲವೆಂದೂ, ಪುಕ್ಕಟೆಯಾಗಿ ದೊರೆತುದು ಮನುಷ್ಯನನ್ನು ಮೈಗಳ್ಳನನ್ನಾಗಿ ಮಾಡುವುದೆಂದೂ ನಾವು ಹಿರಿಯರಿಂದ ಕೇಳಿ ಬೆಳೆದವರು. ಈ ಮಾತು ತಿರಸ್ಕಾರಕ್ಕೆ ಯೋಗ್ಯವಾದುದಲ್ಲ. ಆದರೆ ಅದು ಯಾರ ವಿಷಯದಲ್ಲಿ ಸಲ್ಲುವುದು, ಯಾರ ವಿಷಯದಲ್ಲಿ ಸಲ್ಲದು ಎಂಬುದನ್ನು ಸ್ವಲ್ಪ ವಿಚಾರಮಾಡಿ ನೋಡುವುದು ಇಂದಿನ ಭಾಷಣದ ಉದ್ದೇಶ.

ಈ ಪ್ರಶ್ನೆ ನಮ್ಮ ದೇಶದಲ್ಲಿ ಮಾತ್ರ ಹುಟ್ಟಿದುದಲ್ಲ. ಇಂಗ್ಲೆಂಡಿನವರು 1834ರಲ್ಲಿ ದರಿದ್ರರ ಕಾನೂನನ್ನು ತಿದ್ದಿದಾಗ, ಮೈಯಲ್ಲಿ ಶಕ್ತಿಯುಳ್ಳ ಬಡವನು ಸಹಾಯವನ್ನು ಬೇಡಿದರೆ ದುಡಿಮೆಯ ಮನೆಯನ್ನು ಹೊಕ್ಕು ಅಲ್ಲಿಯೇ ದುಡಿಯತಕ್ಕದ್ದೆಂದು ವಿಧಿಸಿದರು. ಆ ಮನೆಯಲ್ಲಿ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಮತ್ತೊಂದು ಕಡೆ. ತಲೆಯ ಮೇಲೆ ಸೂರು ಸಿಕ್ಕಿತು, ಸಂಸಾರ ಒಡೆಯಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1998ರ ಒಂದು ಶಾಸನವು, ಸಾರ್ವಜನಿಕ ವಸತಿಗಳಲ್ಲಿರುವ ಉದ್ಯೋಗವಿಲ್ಲದ ವಯಸ್ಕರು ತಿಂಗಳಿಗೆ 8 ಗಂಟೆಗಳ ಕಾಲ ಸಮಾಜಸೇವೆಯನ್ನಾದರೂ ಮಾಡಬೇಕೆಂದು ಗೊತ್ತುಮಾಡಿತು. ಮುದುಕರನ್ನೂ ಅಂಗವಿಕಲರನ್ನೂ ಇದರಿಂದ ಬಿಟ್ಟಿತು. ಅಟ್ಲಾಂಟ ನಗರದಲ್ಲಿ ಈ ನಿಬಂಧನೆ ವಾರಕ್ಕೆ 30 ಗಂಟೆಗಳ ಉದ್ಯೋಗದವರೆಗೂ ಬೆಳೆಯಿತು. ಕಾಲ ಬೇರೆ, ದೇಶ ಬೇರೆ. ಆದರೆ ಒಳಗಿನ ಶಂಕೆ ಒಂದೇ. ಬಡವನು ಬಡವನಾಗಿರುವುದು ದುಡಿಯದೆ ಇರುವುದರಿಂದ ಎಂಬುದೇ ಆ ಶಂಕೆ.

ನಮ್ಮ ದಖ್ಖಣದ ನೆಲ ಈ ಶಂಕೆಯ ಫಲವನ್ನು ಚೆನ್ನಾಗಿ ಉಂಡಿದೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಹಸಿದವನು ನಿಜವಾಗಿಯೂ ಹಸಿದಿದ್ದಾನೆಯೇ ಎಂಬುದನ್ನು ಕಂಡುಹಿಡಿಯಲು ಅಂದಿನ ಆಂಗ್ಲ ಅಧಿಕಾರಿಗಳು ದುಡಿಮೆಯನ್ನೇ ಒರೆಗಲ್ಲಾಗಿ ಹಿಡಿದರು. ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದ ಕೂಲಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದು ಆಣೆ. ಈ ಆಹಾರದಿಂದ ದುಡಿಯುವ ದೇಹ ನಿಲ್ಲಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದರು. ಕೆಲವು ತಿಂಗಳುಗಳಲ್ಲಿ ಅಲ್ಲಿ ಕೂಲಿಯನ್ನು ಹೆಚ್ಚಿಸಬೇಕಾಯಿತು. ಇದಲ್ಲದೆ 'ದೂರದ ಪರೀಕ್ಷೆ' ಎಂಬ ಇನ್ನೊಂದು ಏರ್ಪಾಡೂ ಇತ್ತು. ಮನೆಯನ್ನು ಬಿಟ್ಟು ಮೈಲಿಗಟ್ಟಲೆ ನಡೆದು ಕಾಮಗಾರಿಯ ಬಿಡಾರದಲ್ಲಿ ವಾಸಮಾಡುವವನಿಗೆ ಮಾತ್ರ ಕೂಲಿ ಎಂಬುದೇ ಅದು. 1880ರಲ್ಲಿ ವರದಿಯನ್ನೊಪ್ಪಿಸಿದ ಕ್ಷಾಮ ಆಯೋಗವು ಶಕ್ತರಿಗೆ ಕೆಲಸವನ್ನೂ, ಅಶಕ್ತರಿಗೆ ಅವರ ಊರಿನಲ್ಲಿಯೇ ಕೆಲಸದ ಹಂಗಿಲ್ಲದ ಸಹಾಯವನ್ನೂ ಕೊಡತಕ್ಕದ್ದೆಂದು ಸೂಚಿಸಿತು. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕವನ್ನು ಜನರು ತಮ್ಮ ಪ್ರಾಣಗಳನ್ನು ತೆತ್ತು ಕಲಿಸಬೇಕಾಯಿತು.

ಮನೆಯನ್ನೂ ದುಡಿಮೆಯನ್ನೂ ಒಂದೇ ಹಗ್ಗದಿಂದ ಬಿಗಿಯುವ ಪದ್ಧತಿ ಸರ್ಕಾರಗಳಿಗಿಂತ ಹಳೆಯದು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಜೀತವೆಂದು ಹೆಸರು. ಒಡೆಯನ ಹೊಲದ ಅಂಚಿನಲ್ಲಿ ಗುಡಿಸಲು, ಒಡೆಯನ ಹೊಲದಲ್ಲಿ ದುಡಿಮೆ. ದುಡಿಮೆಗೆ ತಪ್ಪಿದರೆ ಗುಡಿಸಲೂ ತಪ್ಪಿತು. ಜೀತವನ್ನು 1975ರಲ್ಲಿ ಕಾನೂನಿನಿಂದ ನಿಷೇಧಿಸಲಾಯಿತು. ಪರರ ನೆಲದಲ್ಲಿ ಮನೆಮಾಡಿಕೊಂಡಿದ್ದ ಕೃಷಿಕಾರ್ಮಿಕನಿಗೆ ಆ ನಿವೇಶನದ ಹಕ್ಕನ್ನು ಕೊಡುವ ವಿಧಿ ಕರ್ನಾಟಕದ ಭೂಸುಧಾರಣಾ ಶಾಸನದಲ್ಲಿ ಉಂಟು. ಅದೇ ಶಾಸನಕ್ಕೆ ತಂದ ಮತ್ತೊಂದು ತಿದ್ದುಪಡಿಯಿಂದ ತಾಂಡಾ, ಹಟ್ಟಿ, ಹಾಡಿಗಳ ಜನರಿಗೂ ತಮ್ಮ ವಾಸಸ್ಥಳದ ಹಕ್ಕು ದೊರೆಯುವ ದಾರಿಯಾಯಿತು. 2023ನೆಯ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಆ ಹಳೆಯ ಮಾನ್ಯಖೇಟದಲ್ಲಿ, ಸುಮಾರು ಐವತ್ತು ಸಾವಿರ ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಕೊಡುವ ಕಾರ್ಯ ನೆರವೇರಿತು. ಆ ಪತ್ರಗಳಲ್ಲಿ ದುಡಿಮೆಯ ಷರತ್ತಿರಲಿಲ್ಲ. ಜೀತದ ನೆನಪುಳ್ಳ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಮನೆಗೂ ದುಡಿಮೆಗೂ ಸಂಬಂಧವೇ ಬೇಡವೆ? ಹಾಗೆ ನಾವು ಹೇಳುವುದಿಲ್ಲ. ಸ್ವತಂತ್ರ ಭಾರತದಲ್ಲಿ ಬಡವರ ಮನೆಯ ಯೋಜನೆ ಉದ್ಯೋಗದ ಯೋಜನೆಯ ಮಡಿಲಲ್ಲಿಯೇ ಹುಟ್ಟಿದುದು. 1983ರಲ್ಲಿ ಭೂಹೀನರಿಗಾಗಿ ಆರಂಭವಾದ ಗ್ರಾಮೀಣ ಉದ್ಯೋಗ ಕಾರ್ಯಕ್ರಮದ ಒಂದು ಅಂಗವಾಗಿ 1985ರಲ್ಲಿ ಇಂದಿರಾ ಆವಾಸ ಯೋಜನೆ ಬಂದಿತು. 1996ರಲ್ಲಿ ಅದು ಸ್ವತಂತ್ರ ಯೋಜನೆಯಾಯಿತು. ಗುತ್ತಿಗೆದಾರನನ್ನು ನಡುವೆ ತರದೆ, ಮನೆಯವರೇ ತಮ್ಮ ಮನೆಯನ್ನು ಕಟ್ಟಿಸಿಕೊಳ್ಳಬೇಕೆಂಬುದು ಅದರ ನಿಯಮ. 2016ರಲ್ಲಿ ಅದರ ಸ್ಥಾನಕ್ಕೆ ಪ್ರಧಾನಮಂತ್ರಿಗಳ ಹೆಸರಿನ ಗ್ರಾಮೀಣ ಆವಾಸ ಯೋಜನೆ ಬಂದಾಗ, ಬಯಲು ಸೀಮೆಯ ಮನೆಯೊಂದಕ್ಕೆ ಕೊಡುವ ಹಣವನ್ನು 70,000 ರೂಪಾಯಿಗಳಿಂದ 1,20,000 ರೂಪಾಯಿಗಳಿಗೆ ಏರಿಸಿದರು. ಅದರ ಜೊತೆಗೆ, ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುವ ಕುಟುಂಬಕ್ಕೆ 2005ರ ಉದ್ಯೋಗ ಖಾತರಿ ಶಾಸನದ ಮೇರೆಗೆ 90 ದಿನಗಳ ಕೂಲಿಯನ್ನೂ ಸೇರಿಸಿದರು. 2025–26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ. 90 ದಿನಗಳಿಗೆ 33,300 ರೂಪಾಯಿ.

ಇಲ್ಲಿರುವ ಭೇದವನ್ನು ಗಮನಿಸಬೇಕು. ಅಮೆರಿಕದ ಶಾಸನ 'ನೀನು ದುಡಿದರೆ ಮನೆಯಲ್ಲಿರು' ಎನ್ನುತ್ತದೆ. ನಮ್ಮ ಏರ್ಪಾಡು 'ನಿನ್ನ ಮನೆಗೆ ನೀನು ದುಡಿಯುವುದೂ ದುಡಿಮೆಯೇ. ಇದೋ ಅದರ ಕೂಲಿ' ಎಂದಿತು. ಮೊದಲನೆಯದು ಪರೀಕ್ಷೆ, ಎರಡನೆಯದು ಮನ್ನಣೆ. ಆದರೆ ಕಾಗದದ ಮೇಲಿನ ಮನ್ನಣೆ ಹೊಲದ ಬದುವಿನ ಮೇಲೆ ಏನಾಗುವುದೆಂಬುದನ್ನು ನೋಡಬೇಕಾದರೆ ಕಲಬುರಗಿಯ ಪಶ್ಚಿಮದ ತಾಲ್ಲೂಕುಗಳಿಗೆ ಹೋಗಬೇಕು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಸೀಮೆಯನ್ನೂ, ಅದರಲ್ಲಿ ಕಿಣ್ಣಿ ಸುಲ್ತಾನದಂತಹ ಒಂದು ಊರನ್ನೂ ಮನಸ್ಸಿಗೆ ತಂದುಕೊಳ್ಳೋಣ. ಸುತ್ತಲೂ ಎರೆಯ ನೆಲ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ. ಮಳೆ ಕೈಕೊಟ್ಟರೆ ಎರಡೂ ಇಲ್ಲ. ಭೂಮಿಯಿಲ್ಲದ ಸಂಸಾರಗಳು ದೀಪಾವಳಿ ಕಳೆಯುತ್ತಲೇ ಕಬ್ಬು ಕಡಿಯುವುದಕ್ಕೆ ಹೊರಡುತ್ತವೆ. ಸುಗ್ಗಿ ಮುಗಿದ ಮೇಲೆ ಇನ್ನಷ್ಟು ಸಂಸಾರಗಳು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳ ಕಟ್ಟಡಗಳ ಕೆಲಸಕ್ಕೆ ಗುಳೆ ಹೋಗುತ್ತವೆ. ಮತ್ತೆ ಊರಿನ ಮುಖವನ್ನು ಅವರು ಕಾಣುವುದು ಮುಂಗಾರಿನ ಮೋಡದೊಡನೆ.

ಮನೆಯನ್ನು ಕಟ್ಟುವ ಕಾಲ ಯಾವುದು? ಮಳೆ ನಿಂತು ನೆಲ ಗಟ್ಟಿಯಾದ ಮೇಲಿನ ಕಾಲ, ದೀಪಾವಳಿಯಿಂದ ಮುಂಗಾರಿನವರೆಗೆ. ಗುಳೆ ಹೋಗುವ ಕಾಲ ಯಾವುದು? ಅದೂ ಅದೇ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಪ್ರಶ್ನೆಯ ಮುಖವೇ ಬದಲಾಗುವುದು. ಕೂಲಿಗೆ ಹೋದರೆ ಮನೆ ನಿಲ್ಲುವುದು; ಮನೆಯನ್ನು ಕಟ್ಟಲು ನಿಂತರೆ ಕೂಲಿ ನಿಲ್ಲುವುದು. ತಳಪಾಯದ ಮಟ್ಟದಲ್ಲಿ ನಿಂತು ಹುಲ್ಲು ಬೆಳೆದ ಮನೆಯನ್ನು ಕಂಡು, 'ಹಣ ಕೊಟ್ಟರೂ ಕಟ್ಟಿಕೊಳ್ಳದ ಸೋಮಾರಿ' ಎಂದು ದಾರಿಹೋಕರು ಹೇಳಬಹುದು. ಆ ಸೋಮಾರಿ ಆ ಹೊತ್ತಿಗೆ ಬೆಂಗಳೂರಿನ ಎಂಟನೆಯ ಅಂತಸ್ತಿನಲ್ಲಿ ಇಟ್ಟಿಗೆಯನ್ನು ಹೊರುತ್ತಿರಬಹುದು. ನಾವು ವಾಸಿಸುವ ಮನೆಗಳನ್ನು ಕಟ್ಟಿದವರ ಮನೆಯೇ ಅಪೂರ್ಣವಾಗಿರುವುದಕ್ಕೆ ಕಾರಣ ದುಡಿಮೆಯ ಅಭಾವವಲ್ಲ, ದುಡಿಮೆಯ ಅತಿಶಯ.

ಇದರ ಮೇಲೆ ನೆಲದ ತೊಡಕು ಬೇರೆ. ಎರೆಯ ಮಣ್ಣು ಮಳೆಗೆ ಉಬ್ಬುವುದು, ಬಿಸಿಲಿಗೆ ಕುಗ್ಗಿ ಬಿರುಕು ಬಿಡುವುದು. ಅದರ ಮೇಲೆ ಗೋಡೆ ನಿಲ್ಲಬೇಕಾದರೆ ಬುನಾದಿಯನ್ನು ಆಳವಾಗಿ ತೋಡಿ, ಮೊರಮ್ಮನ್ನೋ ಕಲ್ಲನ್ನೋ ತುಂಬಿ ಮೇಲೆತ್ತಬೇಕು. ಕೆಂಪು ನೆಲದ ಊರಿನಲ್ಲಿ ಗೋಡೆ ಎದೆಯೆತ್ತರಕ್ಕೆ ಬರುವಷ್ಟು ಹಣ ಇಲ್ಲಿ ನೆಲದೊಳಗೇ ಹೂತುಹೋಗುವುದು. ಸಹಾಯಧನವಾದರೋ ಎರಡಕ್ಕೂ ಒಂದೇ. ಅದರಲ್ಲಿಯೂ ಹಣ ಒಮ್ಮೆಗೇ ಬಾರದೆ, ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ, ಪ್ರತಿಯೊಂದು ಹಂತದ ಛಾಯಾಚಿತ್ರವನ್ನು ತೆಗೆದ ಮೇಲೆ ಬರುವುದು. ಮೋಸವನ್ನು ತಡೆಯಲು ಇದು ಅವಶ್ಯಕವೆಂದು ಒಪ್ಪೋಣ. ಆದರೆ ಕೈಯಲ್ಲಿ ಕಾಸಿಲ್ಲದವನು ಉಸುಕನ್ನೂ ಸಿಮೆಂಟನ್ನೂ ಗೌಂಡಿಯ ಕೂಲಿಯನ್ನೂ ಮೊದಲು ಕೊಟ್ಟು, ಕಂತನ್ನು ಆಮೇಲೆ ಪಡೆಯಬೇಕಾದರೆ, ನಡುವಿನ ಹಣಕ್ಕಾಗಿ ಎಲ್ಲಿಗೆ ಹೋಗಬೇಕು? ಕಬ್ಬಿನ ಮುಕದ್ದಮನಲ್ಲಿಗೆ, ಅವನ ಮುಂಗಡಕ್ಕೆ. ಮುಂಗಡವನ್ನು ಪಡೆದವನು ಋತುವೆಲ್ಲ ಕಡಿಯಲೇ ಬೇಕು. ಹೀಗೆ ಸೂರಿಗಾಗಿ ಮಾಡಿದ ಸಾಲವೇ ಅವನನ್ನು ಸೂರಿನಿಂದ ದೂರ ಒಯ್ಯುವುದು. ಕಾನೂನು ಅಳಿಸಿದ ಜೀತ ಹಿಂದಿನ ಬಾಗಿಲಿನಿಂದ ಬರುವುದು ಹೀಗೆ.

ಈ ನಾಡಿನಲ್ಲಿ ದುಡಿಮೆಯ ಮಾತನ್ನಾಡುವವರು ಶರಣರ ಕಾಯಕವನ್ನು ಮುಂದಿಡುವುದುಂಟು. ಇಡತಕ್ಕದ್ದೇ. ಕಾಯಕದ ಕಲ್ಯಾಣ ಇಲ್ಲಿಂದ ದೂರವಿಲ್ಲ. ಆದರೆ ಕಾಯಕವು ಶರಣನು ತನಗೆ ತಾನೇ ವಿಧಿಸಿಕೊಂಡ ನಿಯಮ. ಬೇಡಿ ಬಂದವನಿಗೆ ವಿಧಿಸಿದ ಸುಂಕವಲ್ಲ. ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಟ್ಟುನಿಟ್ಟು ಅವಳ ಮನೆಯ ಮೇಲೆಯೇ ಹೊರತು ನೆರೆಯವರ ಮೇಲಲ್ಲ. ಕಾಯಕದ ಜೊತೆಯ ಮಾತು ದಾಸೋಹ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆನಿಂತ ಶರಣಬಸವೇಶ್ವರರನ್ನು ಜನ ಇಂದಿಗೂ ನೆನೆಯುವುದು ಮಹಾದಾಸೋಹಿಯೆಂದು. ಸ್ವತಃ ಒಕ್ಕಲುತನವನ್ನು ಮಾಡಿದ ಆ ಶರಣರು ಪಂಕ್ತಿಗೆ ಬಂದವನನ್ನು 'ಇಂದು ಎಷ್ಟು ದುಡಿದೆ?' ಎಂದು ಕೇಳಿದರೆಂಬ ಕಥೆಯನ್ನು ಆ ಸೀಮೆಯ ಜನ ಹೇಳುವುದಿಲ್ಲ.

ಇನ್ನೊಂದು ಲೆಕ್ಕವನ್ನು ನಮ್ಮ ಮನೆಯ ಕಡೆಗೇ ತಿರುಗಿ ಮಾಡಬೇಕಾಗಿದೆ. ನಗರದಲ್ಲಿ ಸಾಲಮಾಡಿ ಮನೆಯನ್ನು ಕೊಂಡವನಿಗೆ ಆ ಸಾಲದ ಬಡ್ಡಿಯ ಮೇಲೆ ಆದಾಯ ತೆರಿಗೆಯ ವಿನಾಯಿತಿಯನ್ನು ಸರ್ಕಾರ ಬಹುಕಾಲದಿಂದ ಕೊಟ್ಟಿತು. 2014ರ ಆಯವ್ಯಯದಲ್ಲಿ ಅದರ ಮಿತಿಯನ್ನು ಒಂದೂವರೆ ಲಕ್ಷದಿಂದ 2 ಲಕ್ಷ ರೂಪಾಯಿಗಳಿಗೆ ಏರಿಸಿತು. ಶೇಕಡಾ 30ರಂತೆ ತೆರಿಗೆ ಕೊಡುತ್ತಿದ್ದವನಿಗೆ ಇದರಿಂದ ವರ್ಷಕ್ಕೆ 60,000 ರೂಪಾಯಿಗಳವರೆಗೆ ಉಳಿತಾಯವಾಯಿತು. ಎರಡು ವರ್ಷದ ಉಳಿತಾಯವನ್ನು ಕೂಡಿಸಿದರೆ ಹಳ್ಳಿಯ ಒಂದು ಮನೆಯ ಸಹಾಯಧನ. ಈ ಸಹಾಯವನ್ನು ಪಡೆದವರಲ್ಲಿ ಯಾರ ಮನೆಗೂ ಅಧಿಕಾರಿಯೊಬ್ಬನು ಛಾಯಾಚಿತ್ರ ತೆಗೆಯಲು ಬರಲಿಲ್ಲ. ತಿಂಗಳಿಗೆ 8 ಗಂಟೆ ಬೀದಿಯನ್ನು ಗುಡಿಸೆಂದು ಯಾರೂ ಹೇಳಲಿಲ್ಲ. ನಾವು ದುಡಿಯುತ್ತೇವೆಂಬುದನ್ನು ಸರ್ಕಾರ ನಂಬಿತು. ಅದೇ ನಂಬಿಕೆ ಕಿಣ್ಣಿ ಸುಲ್ತಾನದ ಕೂಲಿಕಾರನಿಗೂ ಸಲ್ಲಬಾರದೇಕೆ?

ನಂಬಿಕೆಯೊಂದರಿಂದಲೇ ಮನೆ ಏಳುವುದಿಲ್ಲವೆಂಬುದು ನಿಜ. ಆದುದರಿಂದ ಮಾಡತಕ್ಕ ಕೆಲಸಗಳನ್ನೂ ಹೇಳಬೇಕು. ಮೊದಲನೆಯದಾಗಿ, ಮನೆಯ ಮಂಜೂರಾತಿಯ ಪತ್ರವೂ ಮೊದಲ ಕಂತೂ ದೀಪಾವಳಿಗೆ ಮುಂಚೆಯೇ, ಗುಳೆಯ ಗಾಡಿ ಹೊರಡುವುದಕ್ಕೆ ಮೊದಲೇ ಕೈಸೇರಬೇಕು. ಎರಡನೆಯದಾಗಿ, ಮನೆಯನ್ನು ಕಟ್ಟುವ ದಿನಗಳ ಕೂಲಿ ವಾರವಾರವೂ ಸಲ್ಲಬೇಕು; ತಡವಾಗಿ ಬರುವ ಕೂಲಿ ಹಸಿದವನಿಗೆ ಕೂಲಿಯಲ್ಲ. ಮೂರನೆಯದಾಗಿ, ಎರೆಯ ಸೀಮೆಯಲ್ಲಿ ಬುನಾದಿಗೆಂದು ಪ್ರತ್ಯೇಕವಾದ ಹಣವಿರಬೇಕು. ನಾಲ್ಕನೆಯದಾಗಿ, ವಿಧವೆಯರು, ವೃದ್ಧರು, ರೋಗಿಗಳು ತಾವೇ ಕಟ್ಟಿಕೊಳ್ಳಲಾರರು. ಅವರ ಮನೆಯನ್ನು ಪಂಚಾಯತಿಯೇ ನಿಂತು ಕಟ್ಟಿಸಬೇಕು. 1880ರಲ್ಲಿ ಕಂಡ ವಿವೇಕವನ್ನು ಇಂದು ಮರೆಯುವುದು ತರವಲ್ಲ.

ಮನೆಯ ಬಳಿ ದುಡಿಮೆ ಬೇಕೆಂಬುದೂ ಅಷ್ಟೇ ಸತ್ಯ. 2009ರ ಪ್ರವಾಹದ ಅನಂತರ ಉತ್ತರ ಕರ್ನಾಟಕದಲ್ಲಿ ಸಂತ್ರಸ್ತರಿಗಾಗಿ ಕಟ್ಟಿದ ಹೊಸ ಊರುಗಳು ಹೊಲಗಳಿಂದ ದೂರವಾದೆಡೆ ಜನರು ಹಳೆಯ ಮನೆಗಳಿಗೇ ಮರಳಿದುದುಂಟು. 2020ರ ಅಕ್ಟೋಬರಿನಲ್ಲಿ ಭೀಮೆ ಮತ್ತೆ ಉಕ್ಕಿ ಅಫಜಲಪುರ, ಜೇವರ್ಗಿಗಳ ದಡದ ಊರುಗಳನ್ನು ನುಗ್ಗಿದಾಗ ಈ ಪ್ರಶ್ನೆ ಮರಳಿ ಎದ್ದಿತು. ದುಡಿಮೆಯಿಲ್ಲದ ಕಡೆ ಮನೆ ಬರಿಯ ಗೋಡೆ. ಮನೆಯಿಲ್ಲದವನ ದುಡಿಮೆ ಬರಿಯ ಅಲೆದಾಟ. ಎರಡನ್ನೂ ಕೂಡಿಸುವುದು ಸರ್ಕಾರದ ಕರ್ತವ್ಯ; ಒಂದನ್ನು ತೋರಿಸಿ ಇನ್ನೊಂದನ್ನು ಕಸಿಯುವುದಲ್ಲ.

ಬಡವನ ಮನೆಗೆ ಷರತ್ತನ್ನು ಹಾಕಲೇ ಬೇಕಾದರೆ ಅದು ಕೊಡುವವರ ಮೇಲೆ ಬೀಳಲಿ: ಹೇಳಿದ ಕಾಲಕ್ಕೆ, ಹೇಳಿದಷ್ಟು, ಕೈಚಾಚಿಸದೆ ಕೊಡತಕ್ಕದ್ದೆಂದು. ಪಡೆಯುವವನು ದುಡಿಯುವನೋ ಇಲ್ಲವೋ ಎಂಬ ಸಂದೇಹ ನಮ್ಮಲ್ಲಿ ಯಾರಿಗಾದರೂ ಉಳಿದಿದ್ದರೆ, ನಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡದ ಬಳಿ ಒಂದು ಗಳಿಗೆ ನಿಂತು, ತಲೆಯ ಮೇಲೆ ಗಾರೆಯ ಬುಟ್ಟಿಯನ್ನು ಹೊತ್ತವರನ್ನು 'ನಿಮ್ಮದು ಯಾವ ಊರು?' ಎಂದು ವಿಚಾರಿಸಿ ನೋಡಬಹುದು.